ಎಮ್ಮೆ ಬಣ್ಣದ ನೆಲ

ಚರ್, ಚರ್, ಚರ್. ಮದುವೆಯಾಗಿ ಪಾಂಡವಪುರದ ಆ ಮನೆಗೆ ಬಂದ ಹೊಸದರಲ್ಲಿ ನನ್ನ ಕಿವಿಯಲ್ಲಿ ಕೂತುಬಿಟ್ಟ ಸದ್ದು ಇದು. ನಮ್ಮ ಯಜಮಾನರು ಪಕ್ಕದ ವರ್ಕ್‌ಶಾಪಿನಲ್ಲಿ ಓಡಾಡುವಾಗ ಅವರ ಚಪ್ಪಲಿಯಡಿಯಲ್ಲಿ ನೆಲ ಸವೆಯುತ್ತಿದ್ದ ಸದ್ದು. ಸಿಮೆಂಟಿನ ನೆಲವೇ. ಆದರೂ ಯಾರೋ ಅದರ ಮೇಲೆ ಸಕ್ಕರೆ ಚೆಲ್ಲಿಹೋದ ಹಾಗೆ ಕಾಲಿಟ್ಟಲ್ಲೆಲ್ಲ ಚರ್ ಅನ್ನುತ್ತಿತ್ತು. ಗುಡಿಸಿದರೆ ಮೊರದ ತುಂಬ ಬೂದು ಪುಡಿ. ಅರ್ಧ ಗಂಟೆ ಬಿಟ್ಟು ಗುಡಿಸಿದರೆ ಮತ್ತೊಂದು ಮೊರ. ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತಿದ್ದ ನಾನು ಆ ಸದ್ದನ್ನು ಕೇಳಿಯೇ, ಇವರು ಈಗ ಬೆಂಚಿನ ಹತ್ತಿರ ಇದ್ದಾರೆ, ಈಗ ಕಿಟಕಿಯ ಹತ್ತಿರ ಹೋದರು, ಎಂದು ಹೇಳಬಹುದಿತ್ತು.

ಎಪ್ಪತ್ತರ ದಶಕ ಆಗತಾನೆ ಶುರುವಾಗಿತ್ತು. ಇವರು ಸಕ್ಕರೆ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು. ಕೆಲಸಕ್ಕೆ ರಾಜೀನಾಮೆ ಕೊಟ್ಟು, ಮನೆಗೆ ಅಂಟಿಕೊಂಡಿದ್ದ ಹಳೆಯ ದನದ ಕೊಟ್ಟಿಗೆಯನ್ನು ವರ್ಕ್‌ಶಾಪ್ ಮಾಡಿಕೊಂಡಿದ್ದರು. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳನ್ನು ಬಿಚ್ಚಿ, ಒಳಗಿನ ತಾಮ್ರದ ತಂತಿಯನ್ನು ಹೊಸದಾಗಿ ಸುತ್ತಿ, ವಾರ್ನಿಷ್ ಕುಡಿಸಿ, ಒಣಗಿಸಿ ಕೊಡುವ ಕೆಲಸ. ಕಾಲುವೆ ಬಯಲಿನ ಆಚೆಗೆ ಬಾವಿ ತೋಡಿಸಿದವರೆಲ್ಲ ಕರೆಂಟು ಹಾಕಿಸಿಕೊಳ್ಳುತ್ತಿದ್ದ ಕಾಲ. ವೋಲ್ಟೇಜು ಸರಿ ಇರುತ್ತಿರಲಿಲ್ಲ, ಮೋಟಾರು ಸುಡುತ್ತಲೇ ಇರುತ್ತಿದ್ದವು.

ಮೈಸೂರಿನಲ್ಲಿ ಕಾನ್ವೆಂಟಿನಲ್ಲಿ ಓದಿದವಳು ನಾನು. ಟೇಬಲ್ ಮ್ಯಾನರ್ಸ್, ನೀಡಲ್‌ವರ್ಕ್, ಎಲೊಕ್ಯೂಷನ್, ಎಲ್ಲ ಕಲಿತು ಬಂದಿದ್ದೆ. ಆ ಮನೆಯಲ್ಲಿ ಅದರಲ್ಲಿ ಒಂದೂ ಉಪಯೋಗಕ್ಕೆ ಬರಲಿಲ್ಲ. ಒಲೆಗೆ ಸೌದೆ ಜೋಡಿಸುವುದಕ್ಕೆ ಬರುತ್ತಿರಲಿಲ್ಲ, ಮುದ್ದೆಯಲ್ಲಿ ಗಂಟು, ಕೊಡ ಸೊಂಟದ ಮೇಲೆ ನಿಲ್ಲುತ್ತಿರಲಿಲ್ಲ. ನಮ್ಮತ್ತೆ ಕೆಟ್ಟವರಲ್ಲ. ಆದರೆ ನಾನು ಏನು ಮಾಡಿದರೂ ಒಂದು ಸಲ ಸುಮ್ಮನೆ ನೋಡಿ, ಬಂದು, ಅದನ್ನೇ ತಾವು ಮತ್ತೆ ಮಾಡುತ್ತಿದ್ದರು. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಒಂದು ದಿನ ಕೊಯಮತ್ತೂರಿನಿಂದ ಮೋಟಾರು ಕಂಪನಿಯವರು ಒಬ್ಬರು ಬಂದರು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿಗೆ ತಮ್ಮ ಮೋಟಾರುಗಳ ರಿಪೇರಿಗೆ ಒಬ್ಬರನ್ನು ಗೊತ್ತು ಮಾಡುವುದಕ್ಕೆ. ಅದು ಸಿಕ್ಕಿದರೆ ಇವರು ಕಾರ್ಖಾನೆ ಬಿಟ್ಟು ಬಂದದ್ದಕ್ಕೆ ಅರ್ಥ ಇತ್ತು. ಸಿಗದಿದ್ದರೆ, ಊರಿನ ನಾಲ್ಕು ಮೋಟಾರು ನಂಬಿಕೊಂಡು ಮೂರು ಜನ ಬದುಕುವ ಹಾಗಿರಲಿಲ್ಲ. ಬಂದವರು ಇವರ ಕೈಕೆಲಸವನ್ನು ಹೊಗಳಿದರು. ಆಮೇಲೆ ಹೊಸದಾಗಿ ವಾರ್ನಿಷ್ ಕುಡಿಸಿ ಇಟ್ಟಿದ್ದ ಒಂದು ಸುರುಳಿಯ ಮೇಲೆ ಬೆರಳು ಎಳೆದು, ಅಂಟಿಕೊಂಡ ಬೂದು ಧೂಳನ್ನು ಬೆಳಕಿಗೆ ಹಿಡಿದರು. ಕಾಫಿ ತಂದಿದ್ದ ನನಗೇ ತೋರಿಸಿ, “ಡಸ್ಟ್ ಈಸ್ ಡೆತ್ ಟು ಎ ವೈಂಡಿಂಗ್, ಮೇಡಂ” ಅಂದರು. ಒಂದು ತಿಂಗಳು ಬಿಟ್ಟು ಬರುತ್ತೇನೆ, ನೆಲ ಹೀಗೇ ಇದ್ದರೆ ಮಂಡ್ಯದಲ್ಲಿ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಹೊರಟರು.

“ಬೆರ್ಳು ನೋಡ್ಕಂಡು ಒಂಟೋದ್ನಲ್ಲಮ್ಮಿ,” ಅಂದರು ನಮ್ಮತ್ತೆ. “ಕಾಪಿನೂ ಕುಡೀನಿಲ್ಲ.”

ಆ ನೆಲ ಹಾಕಿದವರು ಚಿನಕುರಳಿಯ ಮೇಸ್ತ್ರಿ. ನಮ್ಮತ್ತೆಯ ತವರೂರಿನವರು, ಊರ ಸಂಬಂಧದಲ್ಲಿ ತಮ್ಮನಾಗಬೇಕು. ಅದಕ್ಕೆ ಇವರು ಅವರನ್ನು ಮಾವ ಅನ್ನುತ್ತಿದ್ದರು. ಸುತ್ತಮುತ್ತ ಎಷ್ಟೋ ಮನೆಗಳಲ್ಲಿ ಅವರು ಹಾಕಿದ ಕೆಂಪು ಗಾರೆ ನೆಲದಲ್ಲಿ ಮುಖ ಕಾಣುತ್ತಿತ್ತು. ನಮ್ಮದೊಂದೇ ಕೈಕೊಟ್ಟದ್ದು. ಆಗ ಸಿಮೆಂಟಿಗೆ ಪರ್ಮಿಟ್ ಬೇಕಿತ್ತು, ಸಿಕ್ಕಿದ್ದು ಸ್ವಲ್ಪ. ಸಾಲದ್ದಕ್ಕೆ ಬೇಸಿಗೆ. ಕಾಲುವೆಗೆ ನೀರು ಬಿಟ್ಟಿರಲಿಲ್ಲ, ಬೀದಿಯ ನಲ್ಲಿ ದಿನಕ್ಕೊಂದು ಗಳಿಗೆ ಬರುತ್ತಿತ್ತು. ಹೊಸ ನೆಲದ ಮೇಲೆ ವಾರ ಕಾಲ ನೀರು ಕಟ್ಟಿ ನಿಲ್ಲಿಸಬೇಕು ಎಂದು ಅವರು ಹೇಳಿಹೋಗಿದ್ದರು. ಒಂದೂವರೆ ದಿನವೂ ನಿಲ್ಲಿಸಲಾಗಲಿಲ್ಲ. ಅದು ನಾನು ಬರುವುದಕ್ಕೆ ಮುಂಚಿನ ಮಾತು. ಆಮೇಲಿಂದ ಮೇಸ್ತ್ರಿ ನಮ್ಮ ಮನೆಗೆ ಬಂದರೆ ಅಡುಗೆಮನೆಯ ಜಗುಲಿಯಲ್ಲಿ ಕೂತು ಅಕ್ಕನ ಹತ್ತಿರ ಮಾತಾಡಿ ಎದ್ದುಹೋಗುತ್ತಿದ್ದರು. ವರ್ಕ್‌ಶಾಪಿನ ಕಡೆ ತಲೆ ಹಾಕುತ್ತಿರಲಿಲ್ಲ.

ಇವರು ಕಾರ್ಖಾನೆಯ ಲ್ಯಾಬಿನಲ್ಲಿ ಒಂದು ನೆಲ ನೋಡಿದ್ದರು. ಆಸಿಡ್ಡು ಬಿದ್ದು ಸಿಮೆಂಟು ತಿಂದುಹೋಗುತ್ತದೆಂದು ಮದ್ರಾಸಿನಿಂದ ಜನ ಬಂದು ಏನೋ ಬಳಿದು ಹೋಗಿದ್ದರು. ಗಾಜಿನ ಹಾಗೆ ಗಟ್ಟಿ, ಒಂದು ಕಣ ಧೂಳಿಲ್ಲ. ಅದರಲ್ಲಿ ಉಳಿದ ಒಂದು ದೊಡ್ಡ ಡಬ್ಬ, ಒಂದು ಸಣ್ಣ ಡಬ್ಬ ಸ್ಟೋರಿನ ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದ್ದವು. ಹಿರಿಯ ಕೆಮಿಸ್ಟರು ಒಳ್ಳೆಯವರು, “ಇನ್ನು ಸ್ವಲ್ಪ ದಿನ ಇಟ್ಟರೆ ಎಸೆಯೋದೇ, ತಗೊಂಡು ಹೋಗಿ” ಎಂದು ಬರೆದುಕೊಟ್ಟರು. ಇವರು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಬಂದರು. ಆ ಡಬ್ಬದ ಮೇಲೆ ನಾನು ಮೊದಲ ಸಲ ಓದಿದ ಪದ, ಎಪಾಕ್ಸಿ.

“ಓದೇ ಅದರ ಮೇಲೆ ಏನಿದೆಯೋ,” ಅಂದರು ಇವರು. ಆ ಮನೆಯಲ್ಲಿ ನನ್ನ ಇಂಗ್ಲಿಷಿಗೆ ಸಿಕ್ಕಿದ ಮೊದಲ ಕೆಲಸ.

ಕಾನ್ವೆಂಟಿನಲ್ಲಿ ಸಿಸ್ಟರ್ ಮುಂದೆ ನಿಂತು ಓದಿದ ಹಾಗೆ ಗಟ್ಟಿಯಾಗಿ ಓದಿ, ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದೆ. ಬಳಿಯುವ ಮುಂಚೆ ನೆಲದಲ್ಲಿ ಎಣ್ಣೆ, ಧೂಳು, ತೇವ ಯಾವುದೂ ಇರಬಾರದು. ದೊಡ್ಡ ಡಬ್ಬದ್ದು ನಾಲ್ಕು ಪಾಲು, ಸಣ್ಣ ಡಬ್ಬದ್ದು ಒಂದು ಪಾಲು. ಬೆರೆಸಿದ ಮೇಲೆ ಅರ್ಧ ಗಂಟೆಯೊಳಗೆ ಬಳಿದು ಮುಗಿಸಬೇಕು, ಸೆಕೆಗಾಲದಲ್ಲಿ ಇನ್ನೂ ಬೇಗ. ಬಳಿದ ಮೇಲೆ ಒಂದು ದಿನ ಯಾರೂ ಕಾಲಿಡಬಾರದು. ಅದರ ಕೆಳಗೆ ಇನ್ನೂ ಎರಡು ಮೂರು ಸಾಲು ಇತ್ತು. ಅಲ್ಲಿ ಚೀಟಿಯನ್ನು ತುಕ್ಕು ತಿಂದುಹಾಕಿತ್ತು.

“ಸಾಕು ಬಿಡು, ಉಳಿದಿದ್ದು ನಂಗೆ ಗೊತ್ತು,” ಅಂದರು.

ಎರಡು ವಾರ ಆ ಕೋಣೆಗೆ ಉಪಚಾರ ನಡೆಯಿತು. ಸವೆಯುವ ಮೇಲ್ಪದರವನ್ನು ಕಲ್ಲು ಹಿಡಿದು ಉಜ್ಜಿ ತೆಗೆದರು. ನೀರು ಬೆರೆಸಿದ ಆಸಿಡ್ಡು ಹಾಕಿ ತೊಳೆದರು. ನೊರೆ ಬಂದು ಸೊಂಯ್ ಎಂದು ಇಳಿಯಿತು. ಬಾಗಿಲು ಕಿಟಕಿ ತೆರೆದು ದಿನವೆಲ್ಲ ಬಿಸಿಲು ಬಿಟ್ಟರು. ರಾತ್ರಿ ಒಂದು ರಬ್ಬರ್ ಶೀಟ್ ಹಾಸಿ, ಬೆಳಿಗ್ಗೆ ಎತ್ತಿ, ಅಡಿಯಲ್ಲಿ ಬೆವರು ಇದೆಯೇ ಎಂದು ಕೈಯಾಡಿಸಿ ನೋಡುತ್ತಿದ್ದರು. ಜ್ವರದ ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ. ಏನೂ ತೇವ ಇಲ್ಲ ಅಂದ ದಿನ, ಕಂಪನಿಯವರು ಬರುವುದಕ್ಕೆ ಇನ್ನು ಮೂರೇ ದಿನ ಉಳಿದಿತ್ತು.

ಅಳತೆಗೆ ಏನು ಮಾಡುವುದು ಎಂದು ಬಂತು. ಇವರು ಒಳಗೆ ಹೋಗಿ ಹಿತ್ತಾಳೆಯ ಪಾವು ಎತ್ತಿಕೊಂಡು ಬಂದರು.

“ರಾಗಿ ಅಳೆಯೋ ಪಾವ್ಗೆ ಆ ದರಿದ್ರ ಉಯ್ತೀಯೇನ್ಲಾ?” ನಮ್ಮತ್ತೆ ಬಾಗಿಲಲ್ಲೇ ಅಡ್ಡ ನಿಂತರು.

“ತೊಳ್ದು ಕೊಡ್ತೀನಿ ಕಣವ್ವ.”

“ನೀನು ತೊಳೆಯದು ನಾನು ಕಾಣ್ನಾ?”

ಪಾವು ಹಾಳಾಗಿಯೇ ಹೋಯಿತು, ಅವರು ಹೇಳಿದ್ದೇ ಸರಿಯಾಯಿತು. ಸಣ್ಣ ಡಬ್ಬದ ಮುಚ್ಚಳ ತೆಗೆದರೆ ಹಸಿ ಮೀನಿನ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು. ಎಲ್ಲಾ ಒಟ್ಟಿಗೆ ಬೆರೆಸಿದರೆ ಡಬ್ಬದಲ್ಲೇ ಕಾದು ಗಟ್ಟಿಯಾಗುತ್ತದೆ ಎಂದು ಇವರು ಕಾರ್ಖಾನೆಯಲ್ಲಿ ಕಂಡಿದ್ದರು. ಅದಕ್ಕೇ ಮೂರು ಸಲ ಮಾಡಿ ಬೆರೆಸುವುದು ಎಂದಾಯಿತು. ಹತ್ತು ಅಡಿ ಹನ್ನೆರಡು ಅಡಿಯ ಕೋಣೆ, ಒಳಗಿನ ಗೋಡೆಯಿಂದ ಹಿಂದಕ್ಕೆ ಬರುತ್ತ ಬಾಗಿಲಿಗೆ ಮುಗಿಸಬೇಕು. ನಾನು ಹೊಸ್ತಿಲ ಆಚೆ ನನ್ನ ರಿಸ್ಟ್‌ವಾಚ್ ಬಿಚ್ಚಿ ಕೈಯಲ್ಲಿ ಹಿಡಿದು ಕೂತೆ. ಮಧ್ಯಾಹ್ನ ಮೂರಕ್ಕೆ ಶುರುವಾಯಿತು.

“ಎಷ್ಟಾಯ್ತೇ?”

“ಏಳು ನಿಮಿಷ.”

“ಈಗ?”

“ಎಂಟು. ಕೇಳೋದು ಬಿಟ್ಟು ಬಳೀರಿ.”

ಬ್ರಶ್ಶು ಹಿಡಿದು ಮಂಡಿಯ ಮೇಲೆ ಹಿಂದೆ ಹಿಂದೆ ಸರಿಯುತ್ತಿದ್ದರು. ಜೇನಿನಷ್ಟು ಮಂದ, ನೆಲಕ್ಕೆ ಬಿದ್ದರೆ ತಾನೇ ಹರಡಿ ಮಟ್ಟಸವಾಗುತ್ತಿತ್ತು. ಬಣ್ಣ ಬೂದೂ ಅಲ್ಲ, ಹಸಿರೂ ಅಲ್ಲ. ನಮ್ಮತ್ತೆ ನನ್ನ ಭುಜದ ಮೇಲಿಂದ ಬಗ್ಗಿ ನೋಡಿದರು.

“ಏನ್ಲಾ ಇದು, ಎಮ್ಮೆ ಬಣ್ಣ ತಂದಿದ್ದೀಯಲ್ಲ. ಕೆಂಪ್ಗೆ ಲಕ್ಷಣ್ವಾಗಿ ಇರೋದು ಸಿಗ್ನಿಲ್ವಾ?”

“ಪ್ಯಾಕ್ಟ್ರೀಲೂ ಇದೇ ಕಣವ್ವ ಬಳಿಯೋದು.”

“ಪ್ಯಾಕ್ಟ್ರೀಲಿ ಎಮ್ಮೆ ಕಟ್ಟಾರೇನ್ಲಾ?”

ನಗು ತಡೆಯಲಾರದೆ ನಾನು ಒಂದು ನಿಮಿಷ ಲೆಕ್ಕ ತಪ್ಪಿದೆ. ಮೂರನೆಯ ಪಾಲು ಮುಗಿದಾಗ ಇವರ ಬೆನ್ನು ಹೊಸ್ತಿಲಿಗೆ ತಾಗಿತ್ತು. ಡಬ್ಬದ ತಳದಲ್ಲಿ ಉಳಿದದ್ದು ನೋಡನೋಡುತ್ತಿದ್ದಂತೆ ಬಿಸಿಯಾಗಿ, ಕಲೆಸಿದ ಕೋಲು ನಿಂತಲ್ಲೇ ನಿಂತುಬಿಟ್ಟಿತು. ಕೋಣೆಯೊಳಗೆ ಕಿಟಕಿಯ ಬೆಳಕು ನೆಲದ ಮೇಲೆ ಕೆರೆಯಲ್ಲಿ ಬಿದ್ದ ಹಾಗೆ ಬಿದ್ದಿತ್ತು. ಇವರು ಸೊಂಟ ಹಿಡಿದುಕೊಂಡು ಎದ್ದು, “ಆಯ್ತು” ಅಂದರು. ಅಷ್ಟೇ. ಆ ಮೇಲೆ ಸ್ನಾನಕ್ಕೆ ಹೋಗುತ್ತ ಸಿಳ್ಳೆ ಹಾಕಿದರು. ಇವರು ಸಿಳ್ಳೆ ಹಾಕಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

ಮರುದಿನ ಆರು ಗಂಟೆಯ ಬಸ್ಸಿಗೆ ಮೈಸೂರಿಗೆ ಹೊರಟರು. ವಾರ್ನಿಷ್, ಹೊಸ ತಂತಿ ತರಬೇಕಿತ್ತು. “ಯಾರೂ ಒಳಗೆ ಕಾಲಿಡ್ಬೇಡಿ” ಎಂದು ಎರಡು ಸಲ ಹೇಳಿಹೋದರು.

ಎಂಟು ಗಂಟೆಗೆ ಮೇಸ್ತ್ರಿ ಬಂದರು. ಸಂತೆಯಲ್ಲಿ ಯಾರೋ ಹೇಳಿದ್ದರಂತೆ, ನಿಮ್ಮಳಿಯ ನಿನ್ನ ನೆಲದ ಮೇಲೆ ಇನ್ನೇನೋ ಹಾಕಿಸ್ತಾವ್ನೆ ಅಂತ. ಚಿನಕುರಳಿಯಿಂದ ಮೊದಲ ಬಸ್ಸು ಹತ್ತಿ ಬಂದಿದ್ದರು. ಅವತ್ತು ಅಡುಗೆಮನೆಯ ಕಡೆ ಹೋಗದೆ ನೇರ ವರ್ಕ್‌ಶಾಪಿನ ಬಾಗಿಲಿಗೆ ಹೋಗಿ ನಿಂತರು.

“ನನ್ಗೊಂದು ಮಾತು ಯೋಳ್ನಿಲ್ಲ ನಿಮ್ಮ ಯಜಮಾನ,” ಅಂದರು ನನಗೆ. ಕೋಪದಲ್ಲಿ ಹೇಳಿದ್ದಲ್ಲ. ಕುಕ್ಕರಗಾಲಲ್ಲಿ ಕೂತು ಹೊಸ್ತಿಲ ಅಂಚಿನಲ್ಲಿ ಉಗುರಿನಿಂದ ಕುಟ್ಟಿದರು. “ಗಟ್ಟಿಯಾಗ್ಯದೆ. ಆದ್ರೆ ಅಂಗೇ ಒಣಗಾಕಿದ್ದೀರಲ್ಲವ್ವ. ನೀರು ಕಟ್ನಿಲ್ವಾ?”

“ಡಬ್ಬದ ಮೇಲೆ ಆ ವಿಷಯ ಏನೂ ಬರೆದಿಲ್ಲ.”

“ಡಬ್ಬ ಬರೆಯೋನ್ಗೆ ನಮ್ಮೂರ ಬಿಸ್ಲು ಗೊತ್ತಾ?”

ಅವರು ಎದ್ದು ಟವಲ್ಲಿನಿಂದ ಮುಖ ಒರೆಸಿಕೊಂಡರು. “ಆವತ್ತು ಈ ನೆಲ ನೀರಿಲ್ದೆ ಕೆಟ್ಟಿದ್ದು ಕಣವ್ವ. ನಾನು ನಿಂತು ಉಯ್ಸಬೇಕಾಗಿತ್ತು, ಬಾಯಲ್ಲಿ ಯೋಳ್ಬುಟ್ಟು ಒಂಟೋದೆ. ನಂದೇ ತಪ್ಪು. ಈಗ ಕಾಲ್ವೇಲಿ ನೀರದೆ, ನಲ್ಲೀಲೂ ಬತ್ತಾ ಅದೆ. ಇನ್ನೊಂದ್ಸಲ ಅಂಗಾಗಕ್ಕೆ ನಾನು ಬುಡಾಕಿಲ್ಲ.”

ನಮ್ಮತ್ತೆಯೂ ಬಂದರು. “ಅವ್ನು ಯೋಳೋದು ಸರಿ ಕಣಮ್ಮಿ. ನೆಲ ಅಂದ್ಮೇಲೆ ನೀರು ಕುಡೀದೆ ಇದ್ದಾದಾ?”

ತುಕ್ಕು ತಿಂದ ಆ ಎರಡು ಮೂರು ಸಾಲು ನನಗೆ ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾಯಿತು. ಆದರೆ ಹೊಸ ನೆಲಕ್ಕೆ ನೀರು ಕಟ್ಟುವುದು ಎಲ್ಲರಿಗೂ ಗೊತ್ತಿರುವ ವಿಷಯ. ನಮ್ಮ ಕಾನ್ವೆಂಟಿನ ಹೊಸ ಚಾಪೆಲ್ಲಿನ ನೆಲದಲ್ಲೂ ವಾರವೆಲ್ಲ ನೀರು ನಿಂತಿತ್ತು, ನಾವು ಕಾಗದದ ದೋಣಿ ಬಿಟ್ಟು ಬೈಸಿಕೊಂಡಿದ್ದೆವು. ಆ ಮನೆಯಲ್ಲಿ ಎಲ್ಲರೂ ಸರಿ ಅನ್ನುವ ಕೆಲಸವೊಂದು ಮೊದಲ ಸಲ ನನ್ನ ಕೈಗೆ ಬಂದಿತ್ತು. ಕೊಡ ಎತ್ತಿಕೊಂಡೆ.

ಮೇಸ್ತ್ರಿ ಬಾಗಿಲಿಗೆ ಅಡ್ಡಲಾಗಿ ಜೇಡಿಮಣ್ಣಿನ ಕಟ್ಟೆ ಕಟ್ಟಿದರು. ನೀರಿನ ಪೆಟ್ಟು ಬೀಳಬಾರದೆಂದು ಹೊಸ್ತಿಲ ಮೇಲೆ ಗೋಣಿಚೀಲ ಹಾಸಿ, ಅದರ ಮೇಲೆ ಮೆಲ್ಲಗೆ ಹುಯ್ಯಿಸಿದರು. ಒಬ್ಬರೂ ಒಳಗೆ ಕಾಲಿಡಲಿಲ್ಲ, ಇವರ ಮಾತು ಮೀರಲಿಲ್ಲ. ನಲ್ಲಿಯಿಂದ ಹನ್ನೊಂದು ಕೊಡ ನಾನೇ ಹೊತ್ತೆ, ಒಂದೂ ತುಳುಕಲಿಲ್ಲ. ನಮ್ಮತ್ತೆ ನೋಡುತ್ತ ನಿಂತಿದ್ದರು, ಕೊಡ ಇಸಿದುಕೊಳ್ಳಲಿಲ್ಲ. “ವಾರಗಂಟ ತೆಗೀಬ್ಯಾಡಿ” ಎಂದು ಹೇಳಿ, ತಿಂಡಿ ತಿಂದು, ಮೇಸ್ತ್ರಿ ಹತ್ತರ ಬಸ್ಸಿಗೆ ಹೊರಟರು. ಎಷ್ಟು ಹಗುರಾಗಿ ನಡೆದುಹೋದರು ಎಂದರೆ, ಆ ನೆಲ ಅವರ ತಲೆಯ ಮೇಲೆ ಇಷ್ಟು ದಿನ ಕೂತಿತ್ತು ಎಂದು ನನಗೆ ಆಗ ತಿಳಿಯಿತು.

ಇವರು ಬಂದದ್ದು ಮೂರೂವರೆಗೆ. ತಂತಿಯ ಸುರುಳಿಯನ್ನು ಹೆಗಲ ಮೇಲೆ ಇಟ್ಟುಕೊಂಡೇ ವರ್ಕ್‌ಶಾಪಿನ ಬಾಗಿಲಲ್ಲಿ ನಿಂತುಬಿಟ್ಟರು.

“ಯಾರೇ ನೀರು ಬುಟ್ಟಿದ್ದು?”

“ನಾನು,” ಅಂದೆ.

“ನಾನು ಉಯ್ಯಿ ಅಂದೆ ಕಣ್ಲಾ,” ಅಂದರು ನಮ್ಮತ್ತೆ.

ಇವರು ಬಾಗಿಲ ಮಣ್ಣಿನ ಕಟ್ಟೆ ನೋಡಿದರು. ಹಗ್ಗ ಹಿಡಿದ ಹಾಗೆ ನೇರವಾಗಿ, ಮೇಲೆ ಹೆಬ್ಬೆರಳು ಎಳೆದು ನುಣುಪು ಮಾಡಿದ ಕಟ್ಟೆ. “ಮಾವ ಬಂದಿದ್ನಾ,” ಅಂದರು. ಕಟ್ಟೆ ಒಡೆದರು. ನೀರೆಲ್ಲ ಅಂಗಳಕ್ಕೆ ಹರಿದುಹೋಯಿತು. ಕೆಳಗೆ ನೆಲ ಒಡೆದ ಹಾಲಿನ ಹಾಗೆ ಬೆಳ್ಳಗಾಗಿತ್ತು. ಕೆರೆಯ ಬೆಳಕು ಬಿದ್ದಿದ್ದ ಆ ನೆಲ ಎಲ್ಲಿ, ಇದೆಲ್ಲಿ.

“ಕಾರ್ಖಾನೆಯಲ್ಲಿ ಮೂರು ದಿವಸ ಹಗ್ಗ ಕಟ್ಟಿ ಕಾವಲು ಹಾಕಿದ್ರು, ಒಂದು ತೊಟ್ಟು ನೀರು ಬೀಳಬಾರ್ದು ಅಂತ.”

“ನೀವು ಹೇಳಲಿಲ್ಲ,” ಅಂದೆ.

“ಕಾಲಿಡ್ಬೇಡಿ ಅಂದ್ರೆ ಕೆರೆ ಕಟ್ತೀರಿ ಅಂತ ನಂಗೇನು ಗೊತ್ತು?”

ಬೈಯಲಿಲ್ಲ. ಹೊಸ್ತಿಲ ಮೇಲೆ ಕೂತು ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟರು. “ಕಾರ್ಖಾನೆಯಲ್ಲಿ ನನ್ನ ಜಾಗಕ್ಕೆ ಇನ್ನೂ ಯಾರನ್ನೂ ತಗೊಂಡಿಲ್ಲವಂತೆ. ನಾಳೆ ಬೆಳಿಗ್ಗೆ ಹೋಗಿ ಕೇಳ್ತೀನಿ,” ಅಂದರು. ನಾಡಿದ್ದು ಕಂಪನಿಯವರು ಬರುವುದಿತ್ತು. ಇನ್ನೊಂದು ಡಬ್ಬ ಎಲ್ಲೂ ಇರಲಿಲ್ಲ. ಹನ್ನೊಂದು ಕೊಡ. ಪ್ರತಿ ಕೊಡವೂ ನೆನಪಾಗುತ್ತಿತ್ತು.

ನಮ್ಮತ್ತೆ ಸೆರಗು ಸಿಕ್ಕಿಸಿಕೊಂಡು ನೆಲದ ಮೇಲೆ ಬಗ್ಗಿದರು. ಒಂದು ಬೆರಳಲ್ಲಿ ಉಜ್ಜಿ, ಆ ಬೆರಳನ್ನು ಹೆಬ್ಬೆರಳಿಗೆ ತಿಕ್ಕಿ ನೋಡಿದರು. ಮೂಸಿದರು.

“ಇದು ಬೂಷ್ಟಲ್ಲ ಕಣ್ಲಾ. ಜಿಡ್ಡು.”

“ಅವ್ವ, ಸುಮ್ಕಿರು.”

“ನೀನು ಸುಮ್ಕಿರು. ಜಿಡ್ಡು ಅಂತೀನಿ, ಬಂದು ಮುಟ್ನೋಡು. ನೆಲಕ್ಕೇನೂ ಆಗಿಲ್ಲ, ಮೇಲೆ ಕೂತದೆ. ಅಮ್ಮಿ, ಅಂಡೆ ನೀರು ಬಿಸಿಯಾಗ್ಯದಾ ನೋಡು. ಸೀಗೆಪುಡಿ ಡಬ್ಬ ತತ್ತಾ.”

“ಮತ್ತೆ ನೀರಾ?” ಅಂದರು ಇವರು.

“ಮುಳುಗೋದ ಮೇಲೆ ಇನ್ನೆಂಥದ್ಲಾ ಚಳಿ.”

ಬಿಸಿನೀರಲ್ಲಿ ಸೀಗೆಪುಡಿ ಕಲೆಸಿ, ಒಂದು ಅಂಗೈಯಗಲ ಜಾಗಕ್ಕೆ ಹಚ್ಚಿ, ತೆಂಗಿನ ನಾರಿನಿಂದ ತಿಕ್ಕಿದರು. ನೊರೆ ಬಂತು. ಒದ್ದೆ ಬಟ್ಟೆಯಿಂದ ಒರೆಸಿದರು. ಆ ಅಂಗೈಯಗಲ ಜಾಗದಲ್ಲಿ ಎಮ್ಮೆ ಬಣ್ಣ ಎದ್ದು ಕಂಡಿತು.

ಇವರು ಎದ್ದು ಬಂದು ಅದರ ಮೇಲೆ ಉಗುರು ಒತ್ತಿದರು. ಕಚ್ಚು ಬೀಳಲಿಲ್ಲ. ಸ್ಕ್ರೂಡ್ರೈವರ್ ತಂದು ಕೆರೆದರು. ಪುಡಿ ಏಳಲಿಲ್ಲ. ನನ್ನ ಕಡೆ ತಿರುಗಿದ ಅವರ ಮುಖವನ್ನು ನಾನು ಈಗಲೂ ವರ್ಣಿಸಲಾರೆ. ಪರೀಕ್ಷೆಯಲ್ಲಿ ಫೇಲ್ ಎಂದು ತಿಳಿದು ಮನೆಗೆ ಹೊರಟವನನ್ನು ಕರೆದು ನಿನ್ನ ನಂಬರು ಇದೆ ಕಣೋ ಎಂದು ತೋರಿಸಿದ ಹಾಗೆ ಇತ್ತು.

ಮೂವರೂ ಮೂರು ಮೂಲೆ ಹಿಡಿದೆವು. ಮನೆಯಲ್ಲಿದ್ದ ಸೀಗೆಪುಡಿ ಎಲ್ಲ ಮುಗಿಯಿತು. ದೀಪ ಹಚ್ಚುವ ಹೊತ್ತಿಗೆ ಕೊನೆಯ ಮೂಲೆಯ ಬಿಳುಪೂ ಹೋಯಿತು. ಗಾಜಿನ ಹೊಳಪು ಮಾತ್ರ ವಾಪಸು ಬರಲಿಲ್ಲ. ಅಲ್ಲಲ್ಲಿ ಐದಾರು ಕಡೆ ಭೂಪಟದಲ್ಲಿ ದ್ವೀಪ ಬರೆದ ಹಾಗೆ ಮಸುಕು ಗುರುತು ಉಳಿದವು, ಎಷ್ಟು ತಿಕ್ಕಿದರೂ ಹೋಗಲಿಲ್ಲ. ನನ್ನ ಎರಡು ಮಂಡಿಯೂ ತರಚಿದ್ದವು. ಆ ರಾತ್ರಿ ಊಟಕ್ಕೆ ಕೂತಾಗ ನಮ್ಮತ್ತೆ ನನ್ನ ತಟ್ಟೆಗೆ ಎರಡನೆಯ ಸಲ ತುಪ್ಪ ಹಾಕಿದರು. ಮುದ್ದೆಯಲ್ಲಿ ಗಂಟಿತ್ತು. ಯಾರೂ ಏನೂ ಅನ್ನಲಿಲ್ಲ.

ಕಂಪನಿಯವರು ಹೇಳಿದ ದಿನವೇ ಬಂದರು. ಒಳಗೆ ಕಾಲಿಡುತ್ತಲೇ ಮೂಗು ಅರಳಿಸಿದರು.

“ವಾಟ್ ಈಸ್ ದಿಸ್ ಸ್ಮೆಲ್? ನಮ್ಮ ಮನೆಯಲ್ಲಿ ಶುಕ್ರವಾರ ಬರೋ ವಾಸನೆ.”

“ಸೀಗೇಕಾಯಿ, ಸರ್,” ಅಂದೆ. “ನಮ್ಮತ್ತೆ ನೆಲಕ್ಕೆ ತಲೆಸ್ನಾನ ಮಾಡಿಸಿದರು.”

ಅವರಿಗೆ ಇದು ತಮಾಷೆಯೋ ನಿಜವೋ ತಿಳಿಯಲಿಲ್ಲ. ಜೇಬಿನಿಂದ ಬಿಳಿ ಕರ್ಚೀಫು ತೆಗೆದು ಮಡಿಸಿ, ಬಗ್ಗಿ, ನೆಲದ ಮೇಲೆ ಈ ಗೋಡೆಯಿಂದ ಆ ಗೋಡೆಯವರೆಗೆ ಎಳೆದುಕೊಂಡು ಹೋದರು. ಎತ್ತಿ ನೋಡಿದರು. ತಿರುಗಿಸಿ ನೋಡಿದರು. ಆಮೇಲೆ ಮಸುಕು ಗುರುತುಗಳ ಮೇಲೆ ಶೂಸಿನ ತುದಿ ಇಟ್ಟು, “ಓಲ್ಡ್ ಕೋಟಿಂಗ್. ಎಷ್ಟು ವರ್ಷ ಆಯ್ತು?” ಅಂದರು.

ಇವರಿಗೆ ಸುಳ್ಳು ಹೇಳುವುದಕ್ಕೆ ಬರುತ್ತಿರಲಿಲ್ಲ. “ಮೂರು ದಿವಸ, ಸರ್.”

ಅವರು ಇವರ ಮುಖ ನೋಡಿದರು, ನನ್ನ ಮುಖ ನೋಡಿದರು, ಬಾಗಿಲಲ್ಲಿ ನಿಂತಿದ್ದ ನಮ್ಮತ್ತೆಯ ಮುಖ ನೋಡಿದರು. ಏನೋ ನಡೆದಿದೆ ಎಂದು ಗೊತ್ತಾಯಿತು, ಏನೆಂದು ಕೇಳಲಿಲ್ಲ. ಕರ್ಚೀಫನ್ನು ನನ್ನ ಕೈಗೆ ಕೊಟ್ಟರು. ಅದು ಬೆಳ್ಳಗಿತ್ತು, ಸ್ವಲ್ಪ ಸೀಗೇಕಾಯಿ ವಾಸನೆ ಬರುತ್ತಿತ್ತು. “ಕಾಫಿ ಇದೆಯಾ, ಮೇಡಂ?” ಅಂದರು. ಹೋದ ಸಲ ಕಾಫಿ ಮುಟ್ಟದಿದ್ದವರು ಎರಡು ಲೋಟ ಕುಡಿದರು. ನಾಲ್ಕು ತಾಲ್ಲೂಕಿನ ಕಾಗದಕ್ಕೆ ನಮ್ಮ ಜಗುಲಿಯಲ್ಲೇ ಸಹಿ ಆಯಿತು.

ಅವರ ಜೀಪು ತಿರುಗಿ ಮರೆಯಾದ ಮೇಲೆ ಇವರು ವರ್ಕ್‌ಶಾಪಿಗೆ ಹೋಗಿ ನೆಲದ ಮೇಲೆ ಅಂಗಾತ ಮಲಗಿಬಿಟ್ಟರು. ಕೈಕಾಲು ಚಾಚಿಕೊಂಡು, ಸೂರು ನೋಡುತ್ತ.

“ಏಳ್ಲಾ, ಮೈಯೆಲ್ಲ ಸೀಗೇಕಾಯಿ ವಾಸ್ನೆ ಆಯ್ತದೆ,” ಅಂದರು ನಮ್ಮತ್ತೆ. ಏಳಲಿಲ್ಲ. ನಾನು ಹೊಸ್ತಿಲ ಮೇಲೆ ಕೂತು ನಕ್ಕೆನೋ ಅತ್ತೆನೋ, ಎರಡೂ ಇದ್ದಿರಬೇಕು.

ಮುಂದಿನ ವಾರ ಮೇಸ್ತ್ರಿ ನೋಡುವುದಕ್ಕೆ ಬಂದಾಗ ನೆಲ ಒಣಗಿತ್ತು. “ವಾರಗಂಟ ಅಂದಿದ್ನಲ್ಲ, ಅಷ್ಟು ಬೇಗ ಯಾಕ್ಲಾ ತೆಗ್ದೆ?” ಎಂದು ಇವರನ್ನೇ ಗದರಿ, ಒಳಗೆ ನಡೆದು, ಕಾಲು ಒತ್ತಿ ತಿರುಗಿಸಿ ನೋಡಿದರು. ಪುಡಿಯಿಲ್ಲ, ಸದ್ದಿಲ್ಲ. ಅವರ ಮುಖ ಅರಳಿತು. ಇವರು ಈಗ ಏನು ಹೇಳಿಬಿಡುತ್ತಾರೋ ಎಂದು ನಾನು ಇವರನ್ನೇ ನೋಡುತ್ತಿದ್ದೆ.

“ಒಂದೇ ದಿನಕ್ಕೆ ಸಾಕಾಯ್ತು ಮಾವ,” ಅಂದರು ಇವರು. ಅದು ಸುಳ್ಳೂ ಅಲ್ಲ.

ಆ ಮೇಲೆ ಮೇಸ್ತ್ರಿ ಊರೂರಲ್ಲಿ ಹೇಳಿಕೊಂಡು ಬಂದರು, ನಮ್ಮಳಿಯನ ನೆಲ ನೋಡ್ಬನ್ನಿ, ನಾನು ನೀರು ಕಟ್ಟಿ ನಿಲ್ಲಿಸಿದ್ದು ಅಂತ. ನಾವು ಕೇಳಿ ಸುಮ್ಮನಿದ್ದೆವು. ನನಗೆ ಮಾತ್ರ ಒಳಗೆ ಸಣ್ಣದೊಂದು ಮುಳ್ಳು. ಎಂದಾದರೂ ಯಾರಾದರೂ ಅವರಿಗೆ ಹೇಳಿಬಿಟ್ಟರೆ, ನಾವೆಲ್ಲ ಸೇರಿ ತಮ್ಮನ್ನು ಆಟ ಆಡಿಸಿದೆವು ಎಂದು ಅವರು ಅಂದುಕೊಳ್ಳುವುದಿಲ್ಲವೇ.

ಎರಡು ವರ್ಷವಾಗಿತ್ತು. ಒಂದು ಮಧ್ಯಾಹ್ನ ಎತ್ತಿನ ಗಾಡಿಯೊಂದು ಮನೆ ಮುಂದೆ ನಿಂತಿತು. ಕೆ.ಆರ್. ಪೇಟೆ ಕಡೆ ಗೋವಿಂದನಹಳ್ಳಿಯ ಹತ್ತಿರ ಮೇಸ್ತ್ರಿಯ ಮಗಳನ್ನು ಕೊಟ್ಟಿದ್ದರು. ಅವಳ ಮನೆಯ ಮೋಟಾರು ಸುಟ್ಟು ವಾರದಿಂದ ನಮ್ಮಲ್ಲಿತ್ತು, ಅದನ್ನು ಒಯ್ಯಲು ಮೇಸ್ತ್ರಿಯೇ ಬಂದಿದ್ದರು. ಎಷ್ಟು ಇಳಿದುಹೋಗಿದ್ದರು ಅಂದರೆ, ಅಂಗಿ ಬೇರೆ ಯಾರದ್ದೋ ಅನ್ನಿಸುವ ಹಾಗೆ. ಇವರು ಮೋಟಾರನ್ನು ಗೋಣಿತಾಟಿನಲ್ಲಿ ಸುತ್ತಿ ಗಾಡಿಗೆ ಏರಿಸುತ್ತಿದ್ದರು. ಮೇಸ್ತ್ರಿ ನನ್ನ ಹತ್ತಿರ ಬಂದು ದನಿ ತಗ್ಗಿಸಿದರು.

“ಅವ್ವ, ಪ್ಯಾಕ್ಟ್ರಿ ಕೆಲ್ಸದೋನೊಬ್ಬ ಸಿಕ್ಕಿದ್ದ. ಆ ಬಣ್ಣಕ್ಕೆ ನೀರು ತಾಗ್ಲೇಬಾರ್ದಂತಲ್ಲ.”

ನಾನು ವರ್ಕ್‌ಶಾಪಿನ ಬಾಗಿಲ ಕಡೆ ನೋಡಿದೆ.

“ಅಂಗಾರೆ ಆವತ್ತು ನಾನು ಕೆಡಿಸಾಕಿದ್ನಾ?”

“ಸ್ವಲ್ಪ ಬೆಳ್ಳಗಾಗಿತ್ತು, ಮೇಸ್ತ್ರಿ. ತೊಳೆದೆವು, ಹೋಯ್ತು.”

“ಯಾಕವ್ವ ನನ್ಗೆ ಯೋಳ್ನಿಲ್ಲ?”

“ಹೊತ್ತು ಹಾಕಿದವಳು ನಾನು,” ಅಂದೆ. “ಹನ್ನೊಂದು ಕೊಡ. ಡಬ್ಬ ಓದಿದವಳೂ ನಾನೇ. ಹೇಳಬೇಕಾದರೆ ನನ್ನ ಹೆಸರೇ ಮೊದಲು ಹೇಳಬೇಕಿತ್ತು.”

ಅವರು ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ನಗುವುದಕ್ಕೆ ಶುರು ಮಾಡಿದರು. ಕೆಮ್ಮು ಬರುವವರೆಗೆ ನಕ್ಕರು. “ಅಯ್ಯೋ, ಇಬ್ರೂ ಸೇರ್ಕಂಡು ಮುಳುಗಿಸ್ಬುಡ್ತಿದ್ದೋ ಆ ಹುಡುಗ್ನ,” ಅಂದರು. ನಾನೂ ನಕ್ಕೆ. ಎರಡು ವರ್ಷದ ಮುಳ್ಳು ಅಷ್ಟು ಸುಲಭವಾಗಿ ಬಂದುಬಿಡುತ್ತದೆ ಎಂದು ಗೊತ್ತಿದ್ದರೆ ನಾನೇ ಯಾವತ್ತೋ ತೆಗೆಯುತ್ತಿದ್ದೆ. ಇವರು ಗಾಡಿಯ ಹತ್ತಿರದಿಂದ, “ಏನು ಮಾವ, ಏನು ನಗು?” ಅಂದರು. “ನಿನ್ಗಲ್ಲ ಬುಡ್ಲಾ,” ಅಂದರು ಮೇಸ್ತ್ರಿ.

ಗಾಡಿ ಹೊರಟಿತು. ಅವರು ಏರಿ ಕೂರಲಿಲ್ಲ. ಹಳ್ಳ ಬಿದ್ದ ರಸ್ತೆಯಲ್ಲಿ ಮೋಟಾರು ಉರುಳೀತೆಂದು ಅದರ ಮೇಲೆ ಒಂದು ಕೈ ಇಟ್ಟುಕೊಂಡು ಗಾಡಿಯ ಹಿಂದೆಯೇ ನಡೆದರು. ಬೀದಿಯ ಕೊನೆಯಲ್ಲಿ ಎತ್ತುಗಳು ಎಡಕ್ಕೆ ತಿರುಗಿದವು, ಇನ್ನೂ ನಗುತ್ತಿದ್ದರೋ ಕೆಮ್ಮುತ್ತಿದ್ದರೋ, ಭುಜ ಅಲುಗಾಡುತ್ತಿತ್ತು. ನಾನು ಅವರನ್ನು ನೋಡಿದ್ದು ಅದೇ ಕೊನೆ.